ಕಬ್ಬಿಣದ ಸವಕಳಿ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಎಂಜಿನಿಯರನಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಇಂಥವನಿಗೆ ಕಾಂಕ್ರೀಟಿನ ವಿಷಯ ಮಾತನಾಡುವ ಅಧಿಕಾರ ಎಲ್ಲಿಂದ ಬಂತೆಂದು ತಾವು ಕೇಳಬಹುದು. ಹೋದ ಮಳೆಗಾಲದ ಒಂದು ರಾತ್ರಿ ನಮ್ಮ ಮನೆಯ ಛಾವಣಿಯ ತುಂಡೊಂದು ನಮ್ಮ ತಾಯಿಯವರು ಮಲಗಿದ್ದ ಮಂಚದಿಂದ ಗೇಣುದ್ದ ಆಚೆಗೆ ಬಿತ್ತು. ಅಧಿಕಾರ ಬಂದುದು ಅಲ್ಲಿಂದ.

ಬೆಳಗಾಗುತ್ತಲೆ ನೋಡಿದರೆ, ಮೇಲೆ ಕಬ್ಬಿಣದ ಸರಳುಗಳು ಕೆಂಪಗೆ ಉಬ್ಬಿ ನಿಂತಿದ್ದವು. ಎರಡು ವರ್ಷದ ಹಿಂದೆ ಅದೇ ಜಾಗದಲ್ಲಿ ಬಿರುಕು ಕಂಡಾಗ ಕಂತ್ರಾಟುದಾರನೊಬ್ಬ ಸಿಮೆಂಟು ಮೆತ್ತಿ, ಬಣ್ಣ ಬಳಿದು, ಬಿಲ್ಲಿನ ಹಣ ಎಣಿಸಿಕೊಂಡು ಹೋಗಿದ್ದ. ಅಂದಿನಿಂದ ಬಲ್ಲವರನ್ನು ಕೇಳಿ, ಪುಸ್ತಕ ಓದಿ ತಿಳಿದುದನ್ನು ಹೇಳುತ್ತೇನೆ.

ಹೊಸ ಕಾಂಕ್ರೀಟು ಬಹಳ ಕ್ಷಾರಗುಣದ್ದು. ಆ ಕ್ಷಾರದಲ್ಲಿ ಕಬ್ಬಿಣದ ಮೈಮೇಲೆ ಕಣ್ಣಿಗೆ ಕಾಣದ ಪೊರೆಯೊಂದು ಮೂಡಿ ಅದನ್ನು ಕಾಯುತ್ತದೆ. ಗಾಳಿಯ ಇಂಗಾಲಾಮ್ಲ ಅನಿಲ ವರ್ಷಗಟ್ಟಲೆ ಒಳಗಿಳಿದು ಕ್ಷಾರವನ್ನು ಕುಂದಿಸುತ್ತದೆ. ಅದಕ್ಕಿಂತ ಕ್ರೂರಿ ಉಪ್ಪು. ಅದು ಪೊರೆಯನ್ನೇ ತೂತು ಮಾಡುತ್ತದೆ. ಮುಂಬಯಿಯಲ್ಲಿ ಉಪ್ಪಿಗೇನು ಕೊರತೆ? ಕಡಲ ಗಾಳಿಯಲ್ಲಿದೆ, ತೊಳೆಯದ ಖಾಡಿಯ ಮರಳು ಬಳಸಿದ್ದರೆ ಗೋಡೆಯೊಳಗೆ ಹುಟ್ಟಿನಿಂದಲೇ ಇದೆ. 1970ರ ದಶಕದಲ್ಲಿ ವಾಶಿಯ ಖಾಡಿಗೆ ಕಟ್ಟಿದ ಮೊದಲ ಸೇತುವೆಯ ಉಕ್ಕಿನ ತಂತಿಗಳಿಗೂ ತುಕ್ಕು ತಗಲಿತ್ತು.

ನಮ್ಮ ಲೆಕ್ಕಪತ್ರದಲ್ಲಿ ಸವಕಳಿಯೆಂದರೆ ವರ್ಷವರ್ಷವೂ ಕಡಮೆಯಾಗುವುದು. ಇಲ್ಲಿ ತಿರುಗುಮುರುಗು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಸರಳು ಸಣ್ಣದಾಗುತ್ತ ಹೋದಂತೆ ತುಕ್ಕು ದಪ್ಪವಾಗಿ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಮೇಲೆ ಮೆತ್ತಿದ ಸಿಮೆಂಟು ಅದನ್ನು ತಡೆದೀತೆ?

ಹೊಸ ಸಂಗತಿಗಳೂ ಇವೆ. ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕುಲುಮೆಯಿಂದ ಹರಿಯುವ ಕಿಟ್ಟವನ್ನು ಹಿಂದೆ ಕಸವೆನ್ನುತ್ತಿದ್ದರು. ಈಗ ಅದನ್ನು ನುಣ್ಣಗೆ ಅರೆದು ಸಿಮೆಂಟಿಗೆ ಬೆರೆಸುತ್ತಾರೆ. ಅಂಥ ಕಾಂಕ್ರೀಟಿನ ರಂಧ್ರಗಳು ಕಿರಿದಾಗಿ ಉಪ್ಪು ಬೇಗ ಇಳಿಯದು. ಆದರೆ ಅದು ನಿಧಾನವಾಗಿ ಬಲಗೊಳ್ಳುವುದರಿಂದ ಹೆಚ್ಚು ದಿನ ನೀರುಣಿಸಬೇಕು. ಸುಟ್ಟ ಜೇಡಿಮಣ್ಣು, ಸುಣ್ಣಕಲ್ಲು ಬೆರೆಸಿದ ಸಿಮೆಂಟಿನ ಸಂಶೋಧನೆಯಲ್ಲಿ ನಮ್ಮ ಪವಾಯಿಯ ಐ.ಐ.ಟಿ.ಯವರೂ ಪಾಲುದಾರರು. ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಹೆಂಕ್ ಯೊಂಕರ್ಸ್ ಎಂಬವರು, ನೀರು ತಗುಲಿದೊಡನೆ ಎಚ್ಚತ್ತು ಸುಣ್ಣಕಲ್ಲನ್ನು ಉಂಟುಮಾಡಿ ಬಿರುಕು ಮುಚ್ಚುವ ಸೂಕ್ಷ್ಮಜೀವಿಗಳನ್ನು ಕಾಂಕ್ರೀಟಿಗೆ ಸೇರಿಸಿದರು. ಕೇಳಲು ಸೊಗಸು, ನಮ್ಮ ಹಳೆಯ ಛಾವಣಿಗೆ ಅದರಿಂದ ಉಪಯೋಗವಿಲ್ಲ.

ನಮಗೆ ಉಪಯೋಗವಾಗುವುದು ಸತು. ಸಡಿಲಾದುದನ್ನೆಲ್ಲ ಒಡೆದು, ಸರಳಿನ ಸುತ್ತಲೂ ಬಿಡಿಸಿ, ತುಕ್ಕು ಉಜ್ಜಿ, ಬಹಳ ಸವೆದಲ್ಲಿ ಹೊಸ ಸರಳು ಜೋಡಿಸಿ ಆಮೇಲೆ ಗಾರೆ ತುಂಬಬೇಕು. ಇಷ್ಟಾದರೂ ಕೆಲವೊಮ್ಮೆ ದುರಸ್ತಿಯಾದ ಜಾಗದ ಪಕ್ಕದಲ್ಲೇ ಹೊಸದಾಗಿ ತುಕ್ಕು ಏಳುತ್ತದೆ. ಅದಕ್ಕಾಗಿ ಸರಳಿಗೆ ಸತುವಿನ ಬಿಲ್ಲೆ ಕಟ್ಟುವ ಪದ್ಧತಿಯಿದೆ. ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ನಮ್ಮ ಬಚ್ಚಲಿನ ತಗಡಿನ ಬಕೆಟು ಇಷ್ಟು ವರ್ಷ ಬಾಳಿದ್ದೂ ಇದೇ ಉಪಾಯದಿಂದ.

ಖರ್ಚು ಹೆಚ್ಚು, ಸುಳ್ಳು ಹೇಳಲಾರೆ. ನಮ್ಮ ಕಟ್ಟಡದಲ್ಲಿ ಪಿಂಚಣಿಯ ಮೇಲೆ ಬದುಕುವ ಹಿರಿಯರಿದ್ದಾರೆ. "ನಾವಿನ್ನೆಷ್ಟು ದಿನ ಇರುತ್ತೇವಪ್ಪ, ಬಣ್ಣ ಬಳಿದರೆ ಸಾಕು" ಎನ್ನುತ್ತಾರೆ ಒಬ್ಬರು. ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ಮೂವತ್ತು ವರ್ಷ ದಾಟಿದ ಕಟ್ಟಡವನ್ನು ತಜ್ಞರಿಂದ ಪರೀಕ್ಷೆ ಮಾಡಿಸಲೇಬೇಕೆಂದು ಇಲ್ಲಿ ನಿಯಮವಿದೆ. ನಮ್ಮದು ನಲವತ್ತು ದಾಟಿದೆ. ತಮ್ಮ ಮನೆಗೆ ಹೋದಮೇಲೆ ಛಾವಣಿಯನ್ನು ಒಂದು ಕೋಲಿನಿಂದ ಮೆಲ್ಲಗೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದಲ್ಲಿ ಯಾರನ್ನೂ ಮಲಗಿಸಬೇಡಿ.

ನಮ್ಮ ಸೊಸೈಟಿಯ ಸಭೆ ಬರುವ ಭಾನುವಾರ. ತಾಯಿಯವರ ಮಂಚ ಸದ್ಯಕ್ಕೆ ಅಡಿಗೆಮನೆಯ ಬಾಗಿಲ ಬಳಿ ಇದೆ.