ಕಂಕ ಹೇಳಿದ ಕತೆ, ನಾನು ಮುಚ್ಚಿಟ್ಟ ಕತೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ರು. "ಮಹಾಭಾರತ ಓದಿದ್ರೆ ಆಧ್ಯಾತ್ಮಿಕವಾಗಿ ಏನು ಸಿಗುತ್ತೆ? ಅದರಲ್ಲಿರೋದು ಜಗಳ, ಜೂಜು, ಯುದ್ಧ ತಾನೆ?" ಅಂತ. ಒಳ್ಳೆ ಪ್ರಶ್ನೆ. ನಾನು ಬಿ.ಕಾಂ. ಓದಿದವನು, ಪಂಡಿತ ಅಲ್ಲ, ಪ್ರವಚನ ಮಾಡೋ ಯೋಗ್ಯತೆ ನನಗಿಲ್ಲ. ಅದಕ್ಕೆ ಇಡೀ ಭಾರತ ಬಿಟ್ಟು ಒಬ್ಬ ಮನುಷ್ಯ ಮತ್ತು ಒಂದು ವಸ್ತು ಇಷ್ಟನ್ನೇ ಹಿಡ್ಕೊಂಡು ಹೋಗ್ತೀನಿ. ಮನುಷ್ಯ ಧರ್ಮರಾಯ. ವಸ್ತು ದಾಳ. ಇದನ್ನೇ ಯಾಕೆ ಆರಿಸ್ಕೊಂಡೆ ಅನ್ನೋದನ್ನ ಕೊನೆಗೆ ಹೇಳ್ತೀನಿ.

ಮೊದಲು ಸಭಾಪರ್ವ. ಹಸ್ತಿನಾವತಿಯಿಂದ ಜೂಜಿಗೆ ಕರೆ ಬರುತ್ತೆ. ತಂದವನು ವಿದುರ. ಅವನಿಗೇ ಇಷ್ಟ ಇಲ್ಲ. ಜೂಜಿನಿಂದ ಜಗಳ ಹುಟ್ಟುತ್ತೆ ಅಂತ ಧರ್ಮರಾಯನಿಗೂ ಗೊತ್ತು. ಆದ್ರೂ ಹೊರಡ್ತಾನೆ. ಕರೆದ್ರೆ ಹಿಂದೆ ಸರಿಯಲ್ಲ ಅನ್ನೋದು ಅವನ ವ್ರತವಂತೆ. ದುರ್ಯೋಧನನ ಪರವಾಗಿ ಶಕುನಿ ಆಡ್ತಾನೆ. ಮುತ್ತು, ಚಿನ್ನ, ರಥ, ಆನೆ, ಕುದುರೆ, ರಾಜ್ಯ, ಎಲ್ಲ ಒಂದೊಂದಾಗಿ ಹೋಗುತ್ತೆ. ಆಮೇಲೆ ನಕುಲ, ಸಹದೇವ. ಅಲ್ಲಿ ಶಕುನಿ ಒಂದು ಮಾತು ಚುಚ್ತಾನೆ: ಮಾದ್ರಿಯ ಮಕ್ಕಳನ್ನ ಪಣಕ್ಕಿಟ್ಟೆ, ಭೀಮ ಅರ್ಜುನರು ನಿನಗೆ ಹೆಚ್ಚು ಪ್ರಿಯರೇನೋ ಅಂತ. ಅಷ್ಟು ಸಾಕಾಯ್ತು. ಅರ್ಜುನ ಹೋದ, ಭೀಮ ಹೋದ, ತನ್ನನ್ನೇ ಇಟ್ಟು ಸೋತ. ಕೊನೆಗೆ ದ್ರೌಪದಿ.

ಓದ್ತಾ ಇದ್ರೆ ಕಿರುಚಬೇಕು ಅನ್ಸುತ್ತೆ, "ಏಳಪ್ಪಾ, ಎದ್ದು ಹೊರಗೆ ಬಾ" ಅಂತ. ಯಾಕೆ ಏಳಲಿಲ್ಲ? ಶಕುನಿ ಮೋಸಗಾರ ಅನ್ನೋದು ಅರ್ಧ ಉತ್ತರ. ಉಳಿದರ್ಧವನ್ನ ಧರ್ಮರಾಯನೇ ಕೊಡ್ತಾನೆ, ವನಪರ್ವದಲ್ಲಿ. ಕಾಡಲ್ಲಿ ಭೀಮ ಬೈತಾ ಇರುವಾಗ ಅವನು ಒಪ್ಕೊಳ್ತಾನೆ: ದುರ್ಯೋಧನನ ರಾಜ್ಯ ಕಿತ್ಕೊಳ್ಳೋ ಆಸೆಯಿಂದಲೇ ನಾನು ದಾಳ ಹಿಡಿದೆ ಅಂತ. ಇದನ್ನ ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತ್ಬಿಟ್ಟೆ. ಟೀವಿ ಸೀರಿಯಲ್ ನೋಡಿ ಬೆಳೆದ ನನಗೆ ಧರ್ಮರಾಯ ಅಂದ್ರೆ ಪಾಪದವನು, ಮೋಸಹೋದವನು. ವ್ಯಾಸರು ಅವನಿಗೆ ಆ ರಿಯಾಯಿತಿ ಕೊಟ್ಟಿಲ್ಲ. ಹೊರಗೆ ವ್ರತ, ಒಳಗೆ ಆಸೆ. ಎರಡೂ ಒಬ್ಬನಲ್ಲೇ ಇತ್ತು.

ಅದೇ ಸಭೆಯಲ್ಲಿ ಇನ್ನೊಬ್ಬರನ್ನ ನೋಡಿ. ದ್ರೌಪದಿ. ತನ್ನನ್ನೇ ಸೋತವನಿಗೆ ನನ್ನನ್ನ ಪಣಕ್ಕಿಡೋ ಹಕ್ಕು ಎಲ್ಲಿಂದ ಬಂತು ಅಂತ ಕೇಳ್ತಾಳೆ. ಧರ್ಮ ಸೂಕ್ಷ್ಮ, ಉತ್ತರ ಹೇಳೋಕಾಗಲ್ಲ ಅಂತಾನೆ ಭೀಷ್ಮ. ಕೌರವ ಸಹೋದರರಲ್ಲಿ ವಿಕರ್ಣ ಒಬ್ಬ ಅವಳ ಪರ ಮಾತಾಡ್ತಾನೆ. ಕೊನೆಗೆ ಧೃತರಾಷ್ಟ್ರ ಹೆದರಿ, ವರ ಕೇಳು ಅಂತಾನೆ. ಮೊದಲನೇ ವರಕ್ಕೆ ಧರ್ಮರಾಯನ ಬಿಡುಗಡೆ. ಎರಡನೇ ವರಕ್ಕೆ ಉಳಿದ ನಾಲ್ವರ ಬಿಡುಗಡೆ, ಅವರ ರಥ, ಬಿಲ್ಲುಗಳ ಸಮೇತ. ಮೂರನೇದು ಕೇಳು ಅಂದಾಗ ಬೇಡ ಅಂತಾಳೆ. ಲೋಭ ಧರ್ಮವನ್ನ ನಾಶ ಮಾಡುತ್ತೆ, ನನ್ನ ಗಂಡಂದಿರು ಬಿಡುಗಡೆ ಆದ್ರೆ ಉಳಿದದ್ದನ್ನ ಅವರೇ ಸಂಪಾದಿಸ್ಕೊಳ್ತಾರೆ ಅಂತ.

ಆ ದಿನ ಎಲ್ಲರಿಗಿಂತ ಹೆಚ್ಚು ಕಳ್ಕೊಂಡವಳು ಅವಳು. ಕೇಳಿದ್ದು ಸಿಗೋ ಹೊತ್ತಲ್ಲಿ "ಸಾಕು" ಅಂದವಳೂ ಅವಳೇ. ಧೃತರಾಷ್ಟ್ರ ರಾಜ್ಯವನ್ನೂ ವಾಪಸ್ ಕೊಟ್ಟ. ಆಮೇಲೆ ಏನಾಯ್ತು ಗೊತ್ತಲ್ಲ? ದಾರಿಯಲ್ಲಿರುವಾಗಲೇ ಮತ್ತೆ ಕರೆ ಬಂತು, ಧರ್ಮರಾಯ ಮತ್ತೆ ಹೋಗಿ ಕೂತ. ಒಂದೇ ಪಣ: 12 ವರ್ಷ ವನವಾಸ, 1 ವರ್ಷ ಅಜ್ಞಾತವಾಸ. ಸೋತ.

ಇಲ್ಲಿಗೆ ಕತೆ ಮುಗಿದಿದ್ರೆ ಜೂಜಾಡಬೇಡಿ ಅನ್ನೋ ನೀತಿಪಾಠ ಆಗ್ತಿತ್ತು ಅಷ್ಟೆ. ಆದ್ರೆ ವ್ಯಾಸರು ಆ ದಾಳವನ್ನ ಎಸೆಯಲ್ಲ. ಕಾಡಿಗೆ ಬೃಹದಶ್ವ ಅನ್ನೋ ಋಷಿ ಬರ್ತಾನೆ. ನನ್ನಂಥ ನತದೃಷ್ಟ ಇನ್ನೊಬ್ಬ ಇದ್ದಾನಾ ಅಂತ ಧರ್ಮರಾಯ ಕೇಳಿದಾಗ ನಳನ ಕತೆ ಹೇಳ್ತಾನೆ. ನಳನೂ ಜೂಜಲ್ಲಿ ರಾಜ್ಯ ಕಳ್ಕೊಂಡವನು. ಕತೆ ಮುಗಿದ ಮೇಲೆ ಋಷಿ ಅವನಿಗೆ ಅಕ್ಷಹೃದಯ, ಅಂದ್ರೆ ದಾಳದ ವಿದ್ಯೆಯನ್ನೇ ಕಲಿಸ್ತಾನೆ. ಅಜ್ಞಾತವಾಸದಲ್ಲಿ ಧರ್ಮರಾಯ ಯಾವ ವೇಷ ಹಾಕ್ತಾನೆ? ಕಂಕ. ವಿರಾಟನ ಆಸ್ಥಾನದಲ್ಲಿ ರಾಜನ ಜೊತೆ ಪಗಡೆಯಾಡೋ ಬ್ರಾಹ್ಮಣ! ಯಾವುದು ಅವನನ್ನ ಮುಳುಗಿಸಿತ್ತೋ ಅದೇ ದಾಳ, ದಿನಾ ಕೈಯಲ್ಲಿ.

ಈಗ ವಿರಾಟಪರ್ವದ ಕೊನೆಯ ಭಾಗ. ಮಗ ಉತ್ತರ ಕೌರವರನ್ನ ಗೆದ್ದ ಅಂತ ಸುದ್ದಿ ಬಂದಿದೆ. ವಿರಾಟ ಖುಷಿಯಲ್ಲಿ ದಾಳ ತರಿಸ್ತಾನೆ. ಆಗ ಕಂಕ ಹೇಳ್ತಾನೆ: ಬೇಡ ಮಹಾರಾಜ, ಜೂಜಲ್ಲಿ ಬಹಳ ಕೇಡಿದೆ. ಪಾಂಡವ ಯುಧಿಷ್ಠಿರನನ್ನ ನೀನು ನೋಡಿರಬಹುದು, ಕೇಳಿರಬಹುದು. ಅಷ್ಟು ದೊಡ್ಡ ರಾಜ್ಯವನ್ನೂ ತಮ್ಮಂದಿರನ್ನೂ ಅವನು ಜೂಜಲ್ಲಿ ಕಳ್ಕೊಂಡ, ಅದಕ್ಕೇ ನನಗೆ ಇದು ಇಷ್ಟ ಇಲ್ಲ.

ತನ್ನ ಕತೆಯನ್ನ ಬೇರೆ ಯಾರದೋ ಕತೆ ಅನ್ನೋ ಹಾಗೆ ಹೇಳ್ತಾ ಇದ್ದಾನೆ! ವಿರಾಟ ಕೇಳಲ್ಲ, ಆಟ ಶುರು ಮಾಡ್ತಾನೆ. ಮಗನನ್ನ ಹೊಗಳ್ತಾನೆ. ಬೃಹನ್ನಳೆ ಸಾರಥಿ ಆಗಿರುವಾಗ ಗೆಲ್ಲದೆ ಇರ್ತಾನಾ ಅಂತಾನೆ ಕಂಕ. ಸಿಟ್ಟಲ್ಲಿ ವಿರಾಟ ದಾಳದಿಂದ ಅವನ ಮುಖಕ್ಕೆ ಹೊಡೀತಾನೆ. ಮೂಗಿಂದ ರಕ್ತ. ಅದನ್ನ ನೆಲಕ್ಕೆ ಬೀಳದ ಹಾಗೆ ಪಾತ್ರೆಯಲ್ಲಿ ಹಿಡಿಯೋಳು ದ್ರೌಪದಿ, ಸೈರಂಧ್ರಿಯ ವೇಷದಲ್ಲಿ. ಹಿಂದೆ ಆಟದ ಮಧ್ಯೆ ಏಳೋಕೆ ಆಗದವನು ಈಗ ಆಟ ಶುರುವಾಗೋ ಮೊದಲೇ ಬೇಡ ಅಂತಾನೆ. ಏಟು ತಿಂದ್ರೂ ತಿರುಗಿ ಹೊಡೆಯಲ್ಲ.

ನಮ್ಮ ಕಡೆ ಮಳೆ ಬಾರದಿದ್ರೆ ವಿರಾಟಪರ್ವ ಓದಿಸೋ ಪದ್ಧತಿ ಇದೆ. ಚಿಕ್ಕವನಿದ್ದಾಗ ಇದು ಬರೀ ನಂಬಿಕೆ ಅಂತ ನಗ್ತಿದ್ದೆ. ಮಳೆ ಬರುತ್ತೋ ಇಲ್ವೋ, ಎಲ್ಲ ಒಣಗಿದಾಗ ಕೂತು ಕೇಳೋಕೆ ಹಿರಿಯರು ಆರಿಸಿದ್ದು ಎಲ್ಲ ಕಳ್ಕೊಂಡವರು ವೇಷದಲ್ಲಿ ಬದುಕಿದ ಈ ಒಂದು ವರ್ಷದ ಕತೆಯನ್ನ. ಈಗ ನಗು ಬರಲ್ಲ.

ಸರಿ, ಕೊನೆಗೆ ಹೇಳ್ತೀನಿ ಅಂದಿದ್ನಲ್ಲ, ಅದಕ್ಕೆ ಬರ್ತೀನಿ. ಹಳೇ ಕೇಳುಗರಿಗೆ ನೆನಪಿರಬಹುದು. ದುಡ್ಡಿನ ಬಗ್ಗೆ ಮಾಡಿದ ಒಂದು ಸಂಚಿಕೆಯಲ್ಲಿ ಆಪ್ಷನ್ಸ್ ಟ್ರೇಡಿಂಗ್‌ನಲ್ಲಿ ಹಣ ಕಳ್ಕೊಂಡ "ನನ್ನ ಫ್ರೆಂಡ್ ಒಬ್ಬನ" ಕತೆ ಹೇಳಿದ್ದೆ. ಆ ಫ್ರೆಂಡ್ ಯಾರೂ ಇಲ್ಲ. ಅದು ನಾನೇ.

3 ಲಕ್ಷ 40 ಸಾವಿರ ರೂಪಾಯಿ. ಅಮ್ಮ ನನ್ನ ಹೆಸರಲ್ಲಿ ಇಟ್ಟಿದ್ದ ಎಫ್‌ಡಿ ಮುರಿಸಿ ಹಾಕಿದ್ದು. ಸೆಬಿ 2024ರಲ್ಲಿ ಒಂದು ಅಧ್ಯಯನ ಪ್ರಕಟಿಸ್ತು. ಆ ವರ್ಷದ ಮಾರ್ಚ್‌ಗೆ ಮುಗಿದ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಓ ಮಾಡಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿ ನಷ್ಟ ಮಾಡ್ಕೊಂಡಿದ್ದಾರೆ. ಆ ಅಂಕಿ ಓದಿದ ಮೇಲೂ ನಾನು ಎರಡು ತಿಂಗಳು ಆಡಿದೆ. ಹೋದದ್ದನ್ನ ವಾಪಸ್ ತಗೋಬೇಕು ಅಂತ. ಷೇರು ಮಾರುಕಟ್ಟೆಯೇ ಜೂಜು ಅಂತ ಹೇಳ್ತಿಲ್ಲ. ನಾನು ಅಲ್ಲಿ ಮಾಡಿದ್ದು ಜೂಜು. ಕಾಮರ್ಸ್ ಓದಿದವನು, ರಿಸ್ಕ್ ಗೊತ್ತಿರೋನು ಅನ್ನೋದು ನನ್ನ ವ್ರತ. ಒಳಗಿದ್ದದ್ದು ಬರೀ ಆಸೆ.

ಕಂಕನ ಭಾಗ ಓದಿದ ಮೇಲೆ "ಫ್ರೆಂಡ್ ಕತೆ" ಅನ್ನೋ ವೇಷ ಹೊತ್ಕೊಂಡು ಇರೋಕೆ ಆಗಲಿಲ್ಲ. ಅಜ್ಞಾತವಾಸಕ್ಕೂ ಒಂದು ಅವಧಿ ಇದೆ ಅಲ್ವಾ, ಮುಗಿದ ಮೇಲೆ ಹೆಸರು ಹೇಳಲೇಬೇಕು. ಹೋದ ಭಾನುವಾರ ಅಮ್ಮನಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ನಿದ್ರು. ಆಮೇಲೆ "ಆ ಅಕೌಂಟ್ ಮುಚ್ಚಿದ್ಯೇನೋ?" ಅಂತ ಒಂದೇ ಪ್ರಶ್ನೆ. ಮುಚ್ಚಿದ್ದೀನಿ. ಇವತ್ತಿನವರೆಗೂ ನನ್ನ ಹತ್ರ ಸರಿಯಾಗಿ ಮಾತಾಡ್ತಿಲ್ಲ. ಅದು ನ್ಯಾಯವೇ. ತಿಂಗಳಿಗೆ 8 ಸಾವಿರದಂತೆ ಅವರ ಹೆಸರಲ್ಲಿ ಆರ್‌ಡಿ ಶುರು ಮಾಡಿದ್ದೀನಿ. ಬಡ್ಡಿ ಬಿಟ್ಟು ಲೆಕ್ಕ ಹಾಕಿದ್ರೆ 43 ತಿಂಗಳು ಬೇಕು. ಪಾಂಡವರದ್ದು 13 ವರ್ಷ, ನನ್ನದು ಪರವಾಗಿಲ್ಲ.

ಆಧ್ಯಾತ್ಮಿಕವಾಗಿ ಏನು ಸಿಗುತ್ತೆ ಅಂತ ಕೇಳಿದ್ರಲ್ಲ? ನನಗೆ ಸಿಕ್ಕಿದ್ದು ಶಾಂತಿ ಅಲ್ಲ, ಪುಣ್ಯದ ಲೆಕ್ಕವೂ ಗೊತ್ತಿಲ್ಲ. ನನ್ನ ಬಗ್ಗೆ ನಾನೇ ಹೇಳ್ಕೊಳ್ತಿದ್ದ ಒಂದು ಸುಳ್ಳು ಹೋಯ್ತು. ಮಹಾಭಾರತ ಧರ್ಮರಾಯನ ತಪ್ಪನ್ನ ಮುಚ್ಚಲಿಲ್ಲ, ತಪ್ಪು ಮಾಡಿದ ಅಂತ ಅವನನ್ನ ಬಿಸಾಡಲೂ ಇಲ್ಲ. ನನ್ನ ಮಟ್ಟಿಗೆ ಇದು ದೊಡ್ಡ ಸಮಾಧಾನ.

ಓದೋದಾದ್ರೆ ದ್ಯೂತದ ಭಾಗ ಮತ್ತು ವಿರಾಟಪರ್ವದ ಕೊನೆಯ ಭಾಗ ಎರಡನ್ನೂ ಒಟ್ಟಿಗೆ ಓದಿ. ನನ್ನ ಹಾಗೆ ಸಾಲ, ನಷ್ಟ ಮುಚ್ಚಿಟ್ಟುಕೊಂಡು ಒಳಗೊಳಗೇ ಬೇಯ್ತಾ ಇರೋರು ಒಬ್ಬರಿಗಾದ್ರೂ ಹೇಳಿ. ಮನೆಯಲ್ಲಿ ಹೇಳೋಕೆ ಆಗಲ್ಲ, ಮನಸ್ಸು ತುಂಬಾ ಕುಸಿದಿದೆ ಅಂದ್ರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಯಾವ ಹೊತ್ತಲ್ಲಾದ್ರೂ ಮಾಡಬಹುದು.

ಇವತ್ತಿಗೆ ಇಷ್ಟೇ. ಮುಂದಿನ ವಾರ ಸಿಗೋಣ. ನಮಸ್ಕಾರ.