ಒಂಬತ್ತನೆಯ ದಿನ

ಸಿದ್ದಾಪುರ ತಾಲೂಕಿನ ಕೋಲಸಿರ್ಸಿಯಾಗಲಿ, ಶಿರಸಿ, ಯಲ್ಲಾಪುರದ ಯಾವುದೇ ಹಳ್ಳಿಯಾಗಲಿ, ಮದ್ಯವರ್ಜನ ಶಿಬಿರ ಎಂದರೇನೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಡಾ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಆರಂಭಿಸಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯೂ ಜನಜಾಗೃತಿ ವೇದಿಕೆಯೂ ಊರವರನ್ನು ಕೂಡಿಸಿಕೊಂಡು ನಡೆಸುವ ಈ ಶಿಬಿರ ಸಾಮಾನ್ಯವಾಗಿ ಎಂಟು ದಿನದ್ದು. ಶಿಬಿರಾರ್ಥಿಗಳು ಅಲ್ಲೇ ಉಳಿಯುತ್ತಾರೆ. ಯೋಗ, ಭಜನೆ, ಆಪ್ತಸಲಹೆ ನಡೆಯುತ್ತವೆ. ಮನೆಯವರು ಬಂದು ಕಣ್ಣೀರು ಹಾಕುತ್ತಾರೆ. ಸಮಾರೋಪಕ್ಕೆ ಭಾಷಣ, ಫೋಟೋ ಎಲ್ಲ ಆಗುತ್ತದೆ. ಆದರೆ ನಾವು ಯೋಚಿಸಬೇಕಾದ್ದು ಒಂಬತ್ತನೆಯ ದಿನದ ಬಗ್ಗೆ. ಅಂದು ಶಿಬಿರಾರ್ಥಿ ಮರಳುವುದು ಅದೇ ಮನೆಗೆ, ಅದೇ ತೋಟಕ್ಕೆ, ಅದೇ ಗೆಳೆಯರ ನಡುವೆ. ಅಡಿಕೆಯ ಕೊನೆಕೊಯ್ಲಿನ ಸಂಜೆ ಮೈಕೈ ನೋವೂ ಇರುತ್ತದೆ, ಕೈಯಲ್ಲಿ ಕೂಲಿಯೂ ಇರುತ್ತದೆ. ‘ಒಂದು ಪೆಗ್ಗಿಗೆ ಏನಾಗ್ತದೆ ಮಾರಾಯ’ ಎನ್ನುವವರಿಗೆ ಜಾತ್ರೆ, ಮದುವೆಗಳ ನೆವ ಇದ್ದೇ ಇರುತ್ತದೆ. ಕುಡಿತ ಬಿಡಿಸುವುದರಲ್ಲಿ ನಾವು ಪಳಗಿದ್ದೇವೆ. ಬಿಟ್ಟವರು ಮತ್ತೆ ಹಿಡಿಯದಂತೆ ಕಾಯುವ ಏರ್ಪಾಡು ಮಾತ್ರ ಇನ್ನೂ ಗಟ್ಟಿಯಾಗಬೇಕು. ಬಿಟ್ಟವರೇ ವಾರಕ್ಕೊಮ್ಮೆ ಸೇರಿ ಕೂತು ಮಾತಾಡುವ ಸಭೆ ಆ ಏರ್ಪಾಡಿನ ಜೀವಾಳ ಎಂಬುದು ನನ್ನ ವಾದ.

ಇದಕ್ಕೊಂದು ಇತಿಹಾಸವಿದೆ. 1935ರಲ್ಲಿ ಅಮೆರಿಕದ ಆಕ್ರನ್ ಊರಿಗೆ ಬಂದಿದ್ದ ಬಿಲ್ ವಿಲ್ಸನ್, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದವರು. ವ್ಯವಹಾರ ಕೈಕೊಟ್ಟಿತ್ತು, ಮನಸ್ಸು ಬಾರಿನತ್ತ ಎಳೆಯುತ್ತಿತ್ತು. ಆಗ ಅವರು ಹುಡುಕಿದ್ದು ಡಾಕ್ಟರನ್ನೂ ಅಲ್ಲ, ಪಾದ್ರಿಯನ್ನೂ ಅಲ್ಲ. ತನ್ನಂತೆಯೇ ಕುಡಿತಕ್ಕೆ ಸಿಕ್ಕ ಇನ್ನೊಬ್ಬನನ್ನು. ಸಿಕ್ಕವರು ಬಾಬ್ ಸ್ಮಿತ್, ವೃತ್ತಿಯಿಂದ ಶಸ್ತ್ರವೈದ್ಯರೇ ಆಗಿದ್ದರೆಂಬುದು ಬೇರೆ ಮಾತು. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಹುಟ್ಟಿದ್ದು ಹಾಗೆ. ಅಲ್ಲಿ ಶುಲ್ಕವಿಲ್ಲ, ಅಧ್ಯಕ್ಷರ ಭಾಷಣವಿಲ್ಲ, ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ನಮ್ಮಲ್ಲಿ ಶಿಬಿರದ ನಂತರ ರೂಪುಗೊಳ್ಳುವ ನವಜೀವನ ಸಮಿತಿಗಳ ಹಿಂದಿರುವುದೂ ಇದೇ ತಿಳಿವಳಿಕೆ. ಇದು ಬರೀ ನಂಬಿಕೆಯ ಮಾತೇ? 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಪರಾಮರ್ಶಿಸುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಅನುಭವವನ್ನು ಒಟ್ಟುಗೂಡಿಸಿ ನೋಡಿತು. ಎ.ಎ. ಸಭೆಗಳತ್ತ ವ್ಯವಸ್ಥಿತವಾಗಿ ಕರೆದೊಯ್ದವರಲ್ಲಿ ಶೇ. 42ರಷ್ಟು ಮಂದಿ ವರ್ಷದ ನಂತರವೂ ಕುಡಿತದಿಂದ ಪೂರ್ತಿ ದೂರವಿದ್ದರು. ಇತರ ಚಿಕಿತ್ಸೆ ಪಡೆದವರಲ್ಲಿ ಶೇ. 35. ಪವಾಡವೇನಲ್ಲ, ಅರ್ಧಕ್ಕಿಂತ ಹೆಚ್ಚು ಜನ ಜಾರಿದ್ದಾರೆ. ಆ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕದವು ಎಂಬುದನ್ನೂ ಮುಚ್ಚಿಡಬೇಕಿಲ್ಲ. ಆದರೂ ಖರ್ಚೇ ಇಲ್ಲದ ಒಂದು ಕ್ರಮ ದುಬಾರಿ ಚಿಕಿತ್ಸೆಗೆ ಸರಿಸಾಟಿಯಾಗಿ ನಿಂತರೆ ಬಡವರ ಮನೆಗೆ ಅದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದೆ?

‘ಪೇಟೆಯಲ್ಲಾದರೆ ಸರಿ, ಎಲ್ಲರಿಗೂ ಎಲ್ಲರೂ ಗೊತ್ತಿರುವ ನಮ್ಮೂರಲ್ಲಿ ಆ ಸಭೆಗೆ ಹೋದರೆ ಮರ್ಯಾದೆ ಉಳಿಯುತ್ತದೆಯೇ?’ ಎಂದು ಕೇಳುವವರಿದ್ದಾರೆ. ಕುಡಿದದ್ದು ಮಾತ್ರ ಊರಿಗೆಲ್ಲ ಗೊತ್ತೇ ಇರುತ್ತದೆ. ಗುಟ್ಟಾಗಿ ಉಳಿದಿರುವುದು ಬಿಡಬೇಕೆಂಬ ಆಸೆ ಒಂದೇ. ಹೀಗಿರುವಾಗ ಕಾಪಾಡುತ್ತಿರುವುದು ಯಾವ ಮರ್ಯಾದೆಯನ್ನು? ಅಷ್ಟಾಗಿಯೂ ಸಂಕೋಚ ಬಿಡದಿದ್ದರೆ ಪಕ್ಕದ ತಾಲೂಕಿನ ಸಭೆಗೆ ಹೋಗಬಹುದು. ಒಳಗಿನ ಮಾತು ಹೊರಗೆ ಹೋಗಬಾರದೆಂಬ ಕಟ್ಟುಪಾಡು ಮಾತ್ರ ಎಲ್ಲೇ ಆದರೂ ಕಡ್ಡಾಯ. ಅದು ಮುರಿದಲ್ಲಿ ಸಭೆ ಉಳಿಯುವುದಿಲ್ಲ. ಇನ್ನು ಕೆಲವರಿಗೆ ಭಜನೆ, ಪ್ರಾರ್ಥನೆ ಒಗ್ಗದು. ಅವರ ಆಕ್ಷೇಪ ನ್ಯಾಯವಾದದ್ದೇ. ಆದರೆ ಅಲ್ಲಿ ಕೆಲಸ ಮಾಡುವುದು ಬಹುಪಾಲು ಜೊತೆಗಾರಿಕೆ. ಅವರು ಪ್ರಾರ್ಥನೆಯ ಹೊತ್ತು ಕಳೆದ ಮೇಲೆ ಬಂದು ಕೂತರೂ ನಷ್ಟವಿಲ್ಲ.

‘ಇದು ಕಾಯಿಲೆ, ಸಭೆಯಲ್ಲ ಔಷಧಿ ಬೇಕು’ ಎಂಬ ಮಾತು ಇವೆಲ್ಲಕ್ಕಿಂತ ಗಂಭೀರ. ಅದು ನಿಜ. ವರ್ಷಗಟ್ಟಲೆ ವಿಪರೀತ ಕುಡಿದವರು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ಮೂರು ದಿನದಲ್ಲೇ ಫಿಟ್ಸ್, ಸನ್ನಿ ಬರಬಹುದು, ಪ್ರಾಣಕ್ಕೂ ಅಪಾಯ. ಕೈ ನಡುಗುವವರನ್ನು ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ, ಸಭೆ ಆಮೇಲೆ. ಆದರೆ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯವ್ಯಸನಿಗಳಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಔಷಧಿ ದೇಹವನ್ನು ಹದಕ್ಕೆ ತರುತ್ತದೆ. ಮುಂದಿನ ಶನಿವಾರದ ಸಂಜೆ ಜೊತೆಗೆ ಕೂರಲು ಡಾಕ್ಟರು ಬರಲಾರರು. ಘಟ್ಟದ ಮೇಲಿನ ನಮ್ಮ ಚದುರಿದ ಮನೆಗಳ ಊರುಗಳಿಗೆ ಸಂಜೆಯ ಕೊನೆಯ ಬಸ್ಸು ಬೇಗ ಹೊರಟುಬಿಡುತ್ತದೆ. ಆದ್ದರಿಂದ ಸಭೆ ನಡೆಯಬೇಕಾದ್ದು ನಡೆದು ಹೋಗುವಷ್ಟು ಹತ್ತಿರದಲ್ಲಿ.

ಈ ಕೆಲಸಕ್ಕೆ ದೊಡ್ಡ ಅನುದಾನ ಬೇಡ. ನಿಮ್ಮೂರಲ್ಲಿ ಶಿಬಿರ ನಡೆದಿದ್ದರೆ, ಸಂಘಟಿಸಿದವರನ್ನೇ ಕೇಳಿ: ಬಿಟ್ಟವರು ಈಗ ಎಲ್ಲಿ, ಎಂದು ಸೇರುತ್ತಾರೆ? ಸೇರುತ್ತಿಲ್ಲವೆಂದರೆ ಶಾಲೆಯದೋ ಸೊಸೈಟಿಯದೋ ಒಂದು ಕೋಣೆಯನ್ನು ವಾರಕ್ಕೊಂದು ಸಂಜೆ ಬಿಟ್ಟುಕೊಡಿ. ಮೊದಲ ಸಲ ಹೋಗುವವರು ಬಾಗಿಲವರೆಗೆ ಬಂದು ತಿರುಗಿಬಿಡುವುದುಂಟು; ಬೈಕಿನಲ್ಲಿ ಕರೆದೊಯ್ದು ಒಳಗೆ ಬಿಟ್ಟು ಬನ್ನಿ. ಜಾರಿ ಮತ್ತೆ ಬಂದವರಿಗೆ ‘ನೋಡಿದ್ಯಾ, ನಾ ಹೇಳಿರಲಿಲ್ವಾ’ ಎನ್ನಬೇಡಿ. ಮನೆಯ ಹೆಂಗಸರಿಗೂ, ಕುಡಿತಕ್ಕೆ ಸಿಕ್ಕ ಹೆಂಗಸರಿಗೂ ಬೇರೆ ಹೊತ್ತು ಗೊತ್ತುಮಾಡಿ. ಯಾರನ್ನು ಕೇಳಬೇಕೆಂದು ತೋಚದಿದ್ದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ತಳಮಳಕ್ಕೆ ಟೆಲಿ ಮಾನಸ್, 14416. ಎರಡೂ ಕರೆ ಉಚಿತ.