ಕಾವಲುಗಾರನ ಕೈ ಎಲ್ಲಿ ನಿಲ್ಲಬೇಕು?

(ಹಿರೇಹಳ್ಳಿಯ ಮಸೀದಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಶಾಂತಿ, ಅನುಗ್ರಹಗಳಿರಲಿ.



ಬೈಕ್ ಕಳವಾದ ಸುದ್ದಿ ಹಬ್ಬಿದ ಮೇಲೆ ನಮ್ಮ ಮೊಹಲ್ಲಾದ ಕೆಲವು ಯುವಕರು ರಾತ್ರಿ ಸರದಿಯ ಮೇಲೆ ಗಸ್ತು ತಿರುಗುತ್ತೇವೆ, ಜಮಾಅತ್ ಒಪ್ಪಿಗೆ ಕೊಡಬೇಕು ಎಂದು ಕೇಳಿದ್ದಾರೆ. ನೆರೆಹೊರೆಯವರು ನಿಶ್ಚಿಂತೆಯಿಂದ ಮಲಗಲಿ ಎಂದು ತಾನು ಎಚ್ಚರವಿರುವುದು ಒಳ್ಳೆಯ ಕೆಲಸವೇ. ಅಲ್ಲಾಹನ ಮಾರ್ಗದಲ್ಲಿ ಕಾವಲಿದ್ದು ರಾತ್ರಿ ಕಳೆದ ಕಣ್ಣನ್ನು ನರಕದ ಬೆಂಕಿ ಮುಟ್ಟದು ಎಂಬ ಶುಭವಾರ್ತೆ ಹದೀಸಿನಲ್ಲಿದೆ. ಆದರೆ ಅಲ್ಲಿ ಹೊಗಳಿರುವುದು ಕಣ್ಣನ್ನು. ಕೈಯ ವಿಷಯ ಬೇರೆ. ಇಂದು ನಾವು ಮಾತಾಡಬೇಕಿರುವುದು ಆ ಕೈಯ ಬಗ್ಗೆ.

ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ಸ್ಯಾನ್‌ಫರ್ಡ್ ಎಂಬ ಊರಿದೆ. 2012ರ ಫೆಬ್ರವರಿ 26ರ ರಾತ್ರಿ ಅಲ್ಲಿನ ಒಂದು ಬಡಾವಣೆಯಲ್ಲಿ ಟ್ರೇವಾನ್ ಮಾರ್ಟಿನ್ ಎಂಬ 17 ವರ್ಷದ ಕಪ್ಪು ವರ್ಣೀಯ ಹುಡುಗ ಅಂಗಡಿಯಿಂದ ಹಿಂದಿರುಗುತ್ತಿದ್ದ. ಅವನು ಆ ಬಡಾವಣೆಗೆ ಬಂದಿದ್ದ ಅತಿಥಿ. ಮಿಠಾಯಿ ಪೊಟ್ಟಣ ಮತ್ತು ಪಾನೀಯದ ಡಬ್ಬಿ ಬಿಟ್ಟರೆ ಅವನ ಬಳಿ ಆಯುಧವೇನೂ ಇರಲಿಲ್ಲ. ಬಡಾವಣೆಯ ಕಾವಲು ಸ್ವಯಂಸೇವಕ ಜಾರ್ಜ್ ಜಿಮ್ಮರ್‌ಮನ್ ಅವನನ್ನು ಕಂಡು ಸಂಶಯಪಟ್ಟು ಪೊಲೀಸರಿಗೆ ಫೋನ್ ಮಾಡಿದ. ಹಿಂಬಾಲಿಸುತ್ತಿದ್ದೀರಾ ಎಂದು ಕೇಳಿದ ಆ ಕಡೆಯವರು, ಅದರ ಅಗತ್ಯವಿಲ್ಲ ಎಂದರು. ಕೆಲವೇ ನಿಮಿಷಗಳಲ್ಲಿ ಇಬ್ಬರ ನಡುವೆ ಹೊಡೆದಾಟವಾಗಿ, ಜಿಮ್ಮರ್‌ಮನ್ ಹಾರಿಸಿದ ಗುಂಡಿಗೆ ಹುಡುಗ ಸತ್ತ.

ಜಿಮ್ಮರ್‌ಮನ್ ಬಂಧನವಾಗಲು ಆರು ವಾರಕ್ಕೂ ಹೆಚ್ಚು ಕಾಲ ಹಿಡಿಯಿತು. ಇಡೀ ದೇಶ ಎರಡು ಹೋಳಾಯಿತು. ಅವನು ಪ್ರಾಣ ಉಳಿಸಿಕೊಳ್ಳಲು ಗುಂಡು ಹಾರಿಸಿದ ಎಂದು ಒಂದು ಕಡೆಯವರು ವಾದಿಸಿದರು. ಹುಡುಗನ ಮೈಬಣ್ಣ ಬೇರೆಯಾಗಿದ್ದರೆ ಸಂಶಯವೇ ಬರುತ್ತಿರಲಿಲ್ಲ ಎಂದು ಇನ್ನೊಂದು ಕಡೆಯವರು ಕೇಳಿದರು. 2013ರ ಜುಲೈ 13ರಂದು ಆರು ಮಹಿಳೆಯರ ಜ್ಯೂರಿ ಅವನನ್ನು ನಿರ್ದೋಷಿ ಎಂದಿತು. ಆಗಿನ ಅಧ್ಯಕ್ಷ ಬರಾಕ್ ಒಬಾಮ, 35 ವರ್ಷಗಳ ಹಿಂದೆ ಆ ಹುಡುಗನ ಜಾಗದಲ್ಲಿ ತಾನೇ ಇರಬಹುದಿತ್ತು ಎಂದರು.

ನಾವು ಆ ಮೊಕದ್ದಮೆಗೆ ಎರಡನೇ ತೀರ್ಪು ಕೊಡಲು ಹೊರಟಿಲ್ಲ. ಹೊಡೆದಾಟದಲ್ಲಿ ಯಾರು ಮೇಲಿದ್ದರು, ಯಾರು ಕೂಗಿದರು ಎಂಬುದರ ಮೇಲೆಯೇ ವಾದವೆಲ್ಲ ನಡೆಯಿತು. ನಮಗೆ ಪಾಠವಿರುವುದು ಅದಕ್ಕಿಂತ ಮೊದಲಿನ ಗಳಿಗೆಯಲ್ಲಿ. ಕಾವಲುಗಾರ ಫೋನ್ ಮಾಡಿ ಅಲ್ಲಿಯೇ ನಿಂತಿದ್ದರೆ ಹೊಡೆದಾಟವೂ ಇಲ್ಲ, ಶವವೂ ಇಲ್ಲ, ಮೊಕದ್ದಮೆಯೂ ಇಲ್ಲ.

ಸಹೋದರರೇ, ಇದು ದೂರದ ಕತೆ ಎಂದುಕೊಳ್ಳಬೇಡಿ. 2018ರ ಜುಲೈ 13, ಅದೂ ಒಂದು ಶುಕ್ರವಾರ. ನಮ್ಮದೇ ರಾಜ್ಯದ ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಕೆಲವು ಗೆಳೆಯರು ಬಂದಿದ್ದರು. ಅವರ ಜೊತೆ ಕತಾರಿನ ಒಬ್ಬರೂ ಇದ್ದರು. ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕಲೇಟು ಹಂಚಿದರು. ಅಷ್ಟಕ್ಕೇ ಮಕ್ಕಳ ಕಳ್ಳರು ಎಂಬ ಸಂಶಯ ಹುಟ್ಟಿತು, ವಾಟ್ಸ್ಆ್ಯಪ್‌ನಲ್ಲಿ ಸುದ್ದಿ ಓಡಿತು. ಅವರು ಕಾರಿನಲ್ಲಿ ತಪ್ಪಿಸಿಕೊಂಡು ಹೊರಟರೆ ಮುರ್ಕಿ ಎಂಬ ಊರಿನಲ್ಲಿ ರಸ್ತೆಗೆ ಅಡ್ಡ ಹಾಕಿದ್ದರು. ಗುಂಪು ಮುಗಿಬಿತ್ತು. ಕಾಪಾಡಲು ಹೋದ ಪೊಲೀಸರಿಗೂ ಪೆಟ್ಟುಗಳಾದವು. 32 ವರ್ಷದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಅಲ್ಲಿಯೇ ಪ್ರಾಣ ಬಿಟ್ಟ. ಸ್ಯಾನ್‌ಫರ್ಡ್‌ನಲ್ಲಿ ಮಿಠಾಯಿ ಕೊಂಡು ಬರುತ್ತಿದ್ದ ಹುಡುಗ, ಇಲ್ಲಿ ಚಾಕಲೇಟು ಕೊಟ್ಟ ಅತಿಥಿ.

ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನನ್ನು ಇದೇ ಸಂಶಯದಲ್ಲಿ ಹೊಡೆದು ಕೊಂದರು. ಮುರ್ಕಿಯಲ್ಲಿ ಸತ್ತವನು ಮುಸ್ಲಿಮ್, ಬೆಂಗಳೂರಿನಲ್ಲಿ ಸತ್ತವನು ಅಲ್ಲ. ಇಬ್ಬರ ಮೇಲಿದ್ದ ಆರೋಪ ಒಂದೇ: ಹೊಸಮುಖ. ಹೊಡೆದವರೆಲ್ಲರೂ ತಮ್ಮ ಮಕ್ಕಳನ್ನು ಕಾಯುತ್ತಿದ್ದೇವೆ ಎಂದೇ ನಂಬಿದ್ದರು.

ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದಲ್ಲಿ ಅಲ್ಲಾಹನು ಸಂಶಯಗಳಿಂದ ದೂರವಿರಲು ಆಜ್ಞಾಪಿಸಿದ್ದಾನೆ. ಕೆಲವು ಸಂಶಯಗಳು ಪಾಪವೇ ಆಗಿವೆ ಎಂದಿದ್ದಾನೆ. ಸುದ್ದಿ ಬಂದರೆ ಪರಿಶೀಲಿಸಿರಿ, ಇಲ್ಲವಾದರೆ ಅರಿಯದೆ ಜನರಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತು ಎಂಬ ಎಚ್ಚರಿಕೆಯೂ ಅದೇ ಅಧ್ಯಾಯದಲ್ಲಿದೆ. ಫಾರ್ವರ್ಡ್ ಒತ್ತುವ ಮೊದಲು ನಮ್ಮ ಮನೆಯ ತಾಯಂದಿರೂ ಇದನ್ನು ನೆನೆಯಬೇಕು.

ಹಜರತ್ ಉಮರ್(ರ) ಖಲೀಫರಾಗಿದ್ದಾಗ ಮದೀನಾದ ಬೀದಿಗಳಲ್ಲಿ ರಾತ್ರಿ ಗಸ್ತು ತಿರುಗುತ್ತಿದ್ದುದು ನಿಮಗೆಲ್ಲ ಗೊತ್ತು. ಒಂದು ರಾತ್ರಿ ಮನೆಯೊಂದರಿಂದ ಹಾಡಿನ ಸದ್ದು ಕೇಳಿ ಅವರು ಗೋಡೆ ಹತ್ತಿ ಒಳಗಿಳಿದರೆಂದು ಒಂದು ವರದಿಯಿದೆ. ಒಳಗೆ ಮದ್ಯ ಕುಡಿಯುತ್ತಿದ್ದವನು ಹೀಗೆ ಹೇಳಿದ: ನಾನು ಒಂದು ತಪ್ಪು ಮಾಡಿದ್ದರೆ ತಾವು ಮೂರು ಮಾಡಿದ್ದೀರಿ. ಗುಟ್ಟು ಅರಸಬಾರದು ಎಂದು ಅಲ್ಲಾಹನು ಹೇಳಿದ್ದಾನೆ, ತಾವು ಅರಸಿದಿರಿ. ಬಾಗಿಲಿನಿಂದ ಬರಬೇಕು ಎಂದಿದ್ದಾನೆ, ತಾವು ಗೋಡೆ ಹತ್ತಿದಿರಿ. ಅನುಮತಿ ಕೇಳಿ ಸಲಾಂ ಹೇಳಬೇಕು ಎಂದಿದ್ದಾನೆ, ತಾವು ಹೇಳಲಿಲ್ಲ. ಉಮರ್(ರ) ಅವನ ಮೇಲೆ ಕೈಮಾಡದೆ ಹೊರಟುಹೋದರು. ಖಲೀಫರಿಗೇ ಇಷ್ಟು ಮಿತಿ ಇದ್ದರೆ, ಟಾರ್ಚ್ ಹಿಡಿದ ನಮ್ಮ ಹುಡುಗರಿಗೆ ಎಷ್ಟಿರಬೇಕು?

ಹಾಗಾದರೆ ಕಳ್ಳನೇ ಎದುರಾದರೆ ಸುಮ್ಮನಿರಬೇಕೇ ಎಂದು ಕೇಳುತ್ತೀರಿ. ಸೊತ್ತು ಕಾಯುತ್ತಾ ಸತ್ತವನು ಶಹೀದ್ ಎಂಬ ಹದೀಸನ್ನು ಎತ್ತುವವರೂ ಇದ್ದಾರೆ. ಅದು ನಿಜ. ಆದರೆ ನಸಾಈಯಲ್ಲಿ ಬಂದಿರುವ ವಿವರವಾದ ಹದೀಸನ್ನೂ ನೋಡಿ. ನನ್ನ ಸೊತ್ತನ್ನು ಕಸಿಯಲು ಒಬ್ಬ ಬಂದರೆ ಏನು ಮಾಡಲಿ ಎಂದು ಕೇಳಿದವನಿಗೆ ಪ್ರವಾದಿ(ಸ)ರು ಮೊದಲು ಅಲ್ಲಾಹನ ನೆನಪು ಕೊಡಲು ಹೇಳಿದರು. ಕೇಳದಿದ್ದರೆ ಸುತ್ತಲಿನವರನ್ನು ಕರೆಯಲು, ಯಾರೂ ಇಲ್ಲದಿದ್ದರೆ ಅಧಿಕಾರಿಯ ನೆರವು ಪಡೆಯಲು ಹೇಳಿದರು. ಆತನೂ ದೂರವಿದ್ದಾನೆ ಎಂದಾಗ ಮಾತ್ರ ಹೋರಾಡಲು ಅನುಮತಿ ಕೊಟ್ಟರು. ಹೊಡೆತ ಕೊನೆಯ ಮೆಟ್ಟಿಲು. ನಮ್ಮಲ್ಲಿ ಅನೇಕರು ಅದನ್ನೇ ಮೊದಲನೆಯದು ಮಾಡಿಕೊಳ್ಳುತ್ತಾರೆ.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. ಪೊಲೀಸರ ನೆರವು ಪಡೆಯಲು ಸಮಯವಿದ್ದಲ್ಲಿ ಆತ್ಮರಕ್ಷಣೆಯ ಹಕ್ಕಿನ ಮಾತು ನಿಲ್ಲುವುದಿಲ್ಲ. ಅಗತ್ಯಕ್ಕಿಂತ ಹೆಚ್ಚು ಪೆಟ್ಟು ಕೊಡುವಂತೆಯೂ ಇಲ್ಲ. ಕಣ್ಣೆದುರೇ ಗಂಭೀರ ಅಪರಾಧ ಮಾಡಿದವನನ್ನು ಸಾಮಾನ್ಯ ನಾಗರಿಕ ಹಿಡಿಯಬಹುದು, ಆದರೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಮುರ್ಕಿ ಘಟನೆಯಾದ ನಾಲ್ಕೇ ದಿನಕ್ಕೆ, 2018ರ ಜುಲೈ 17ರಂದು, ಗುಂಪು ಹತ್ಯೆ ತಡೆಯಲು ಪ್ರತಿ ಜಿಲ್ಲೆಯಲ್ಲೂ ಹಿರಿಯ ಪೊಲೀಸ್ ಅಧಿಕಾರಿಯನ್ನು ನೇಮಿಸಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಸಮುದಾಯ, ಭಾಷೆ, ಹುಟ್ಟಿದ ಊರು ಮುಂತಾದ ಕಾರಣಕ್ಕೆ ಕೊಂದರೆ ಆ ಗುಂಪಿನ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಿದೆ.

ಇಂಥ ಮೊಕದ್ದಮೆಗಳ ತೀರ್ಪು ಬಂದಾಗ ಮನೆಗಳಲ್ಲಿ, ಚಹಾದಂಗಡಿಗಳಲ್ಲಿ ವಾದ ಏಳುತ್ತದೆ. ನೋವಿರುವಾಗ ಮಾತು ಬರುತ್ತದೆ, ಅದು ಸಹಜ. ಆದರೆ ಆರೋಪಿ ನಮ್ಮವನಾದರೆ ಒಂದು ತಕ್ಕಡಿ, ಸತ್ತವನು ನಮ್ಮವನಾದರೆ ಇನ್ನೊಂದು ತಕ್ಕಡಿ ಸಲ್ಲದು. ಒಂದು ಜನಾಂಗದ ಮೇಲಿನ ಹಗೆ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬುದು ಅಲ್ ಮಾಇದಾ ಅಧ್ಯಾಯದ ಆದೇಶ. ನ್ಯಾಯ ಸಿಗಲಿಲ್ಲ ಎನಿಸಿದರೆ ಮೇಲ್ಮನವಿಯ ದಾರಿ ಇದೆ. ಕಂಡವರು ಹೆದರದೆ ಸಾಕ್ಷಿ ಹೇಳಬೇಕು. ಸಾಕ್ಷ್ಯ ಬಚ್ಚಿಡುವುದು ಪಾಪ. ಬಿಡುಗಡೆಯಾದವನೂ ಒಂದು ಮಾತು ನೆನಪಿಡಬೇಕು. ವಾಕ್ಚಾತುರ್ಯದಿಂದ ತನ್ನ ಕಡೆ ತೀರ್ಪು ಪಡೆದವನು ಪಡೆದದ್ದು ಬೆಂಕಿಯ ತುಂಡು ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಇಲ್ಲಿನ ಕೋರ್ಟು ಸಾಕ್ಷ್ಯ ನೋಡುತ್ತದೆ. ಆಖಿರತ್ತಿನ ನ್ಯಾಯಾಲಯ ನಿಯ್ಯತ್ತನ್ನೂ ನೋಡುತ್ತದೆ.

ಯುವಕರೇ, ಗಸ್ತಿಗೆ ನಮ್ಮ ಒಪ್ಪಿಗೆಯಿದೆ. ಷರತ್ತುಗಳೂ ಇವೆ. ಹೆಸರುಗಳನ್ನು ಮೊದಲು ಠಾಣೆಗೆ ಕೊಡಿ, ಬೀಟ್ ಪೊಲೀಸರಿಗೆ ತಿಳಿಸಿ. ಕೈಯಲ್ಲಿ ಟಾರ್ಚ್ ಮತ್ತು ಫೋನ್ ಇರಲಿ, ದೊಣ್ಣೆ ಬೇಡ. ಹೆದ್ದಾರಿ ಪಕ್ಕದ ಊರು ನಮ್ಮದು. ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬರುವ ಬಿಹಾರ, ಒಡಿಶಾದ ಹುಡುಗರಿಗೆ ಕನ್ನಡವೂ ಬಾರದು, ದಾರಿಯೂ ಗೊತ್ತಿರದು. ಅಂಥವನನ್ನು ಕಂಡರೆ ಮೊದಲು ಎಲ್ಲಿಗೆ ಹೋಗಬೇಕಪ್ಪಾ ಎಂದು ವಿಚಾರಿಸಿ. ಸಂಶಯ ಉಳಿದರೆ 112ಕ್ಕೆ ಫೋನ್ ಮಾಡಿ. ಅಟ್ಟಿಸಿಕೊಂಡು ಹೋಗಬೇಡಿ, ಸುತ್ತುವರಿಯಬೇಡಿ, ವಿಡಿಯೋ ಮಾಡಿ ಹಂಚಬೇಡಿ. ಯಾರ ನಾಲಿಗೆ ಮತ್ತು ಕೈಯಿಂದ ಜನರು ಸುರಕ್ಷಿತರೋ ಅವನೇ ಮುಸ್ಲಿಮ್ ಎಂಬ ಪ್ರವಾದಿ ವಚನ ರಾತ್ರಿ ಎರಡು ಗಂಟೆಗೂ ಅನ್ವಯಿಸುತ್ತದೆ. ಕಳುವಾದ ಬೈಕು ಮತ್ತೆ ಕೊಳ್ಳಬಹುದು. ಒಂದು ಜೀವವನ್ನು ಅನ್ಯಾಯವಾಗಿ ಕೊಂದವನು ಇಡೀ ಮಾನವಕುಲವನ್ನೇ ಕೊಂದಂತೆ ಎಂದು ಅಲ್ಲಾಹನು ಹೇಳಿರುವಾಗ, ಅದಕ್ಕೆ ಪರಿಹಾರ ಎಲ್ಲಿಂದ ತರುವುದು?

ಯಾ ಅಲ್ಲಾಹ್, ನಮ್ಮ ಊರನ್ನು ಕಳ್ಳರ ಭಯದಿಂದಲೂ ನಮ್ಮ ಸಂಶಯಗಳ ಕೇಡಿನಿಂದಲೂ ಕಾಪಾಡು. ಅನ್ಯಾಯವಾಗಿ ಜೀವ ಕಳೆದುಕೊಂಡವರ ಮನೆಯವರಿಗೆ ಸಹನೆ ಮತ್ತು ನ್ಯಾಯ ದಯಪಾಲಿಸು. ನಮ್ಮ ಮಕ್ಕಳ ಕೈಗಳು ಯಾರ ರಕ್ತದಿಂದಲೂ ಮಲಿನವಾಗದಂತೆ ನೋಡಿಕೋ. ಆಮೀನ್.